ಬೂತಾಯಿ, ಮೊಬೈಲು ಮತ್ತು ಸುಮಾರು 250 ಮಂಗಳವಾರ

1997ನೇ ಇಸವಿ ಜನವರಿ 14, ಮಂಗಳವಾರ, ಸಂಕ್ರಾಂತಿ ಸಮಯ. ಕೇರಳದ ಕಲ್ಲಿಕೋಟೆ ಹತ್ರ ವಡಕರ ಅಂತ ಒಂದು ಊರಿದೆ, ಅವತ್ತು ಬೆಳಗ್ಗೆ ಅಲ್ಲಿನ ಕಡಲತೀರಕ್ಕೆ ದೋಣಿಗಳು ಬಂದು ನಿಂತ್ವು, ಒಳ್ಳೆ ಮೀನು ಬಿದ್ದಿತ್ತು, ನಮ್ಮ ಕರಾವಳಿ ಕಡೆ ಬೂತಾಯಿ ಅಂತೀವಲ್ಲ ಅದೇ. ಆದ್ರೆ ದಡದಲ್ಲಿ ಕೊಳ್ಳೋರು ಇದ್ದಷ್ಟು ಜನ ಆಗಲೇ ತಮಗೆ ಬೇಕಾದಷ್ಟು ತಗೊಂಡು ಮುಗಿಸಿದ್ರು. 11 ದೋಣಿಯವರಿಗೆ ಗಿರಾಕಿನೇ ಸಿಗಲಿಲ್ಲ, ಹಿಡಿದ ಮೀನನ್ನೆಲ್ಲ ಬಿಸಾಕಿ ಮನೆಗೆ ಹೋದ್ರು.

ಅದೇ ಬೆಳಗ್ಗೆ, ಅಲ್ಲಿಂದ 15 ಕಿಲೋಮೀಟರ್ ಒಳಗೇ ಇರೋ ಬೇರೆ ತೀರಗಳಲ್ಲಿ 27 ಜನ ಮೀನು ಕೊಳ್ಳೋರು ಕಾಯ್ತಾ ನಿಂತಿದ್ರು. ಅವರಿಗೆ ಬೇಕಾದಷ್ಟು ಮೀನು ಸಿಕ್ಕಿರಲಿಲ್ಲ, ಅಲ್ಲಿ ರೇಟ್ ಕಿಲೋಗೆ 10 ರೂಪಾಯಿ ಹತ್ರ ಇತ್ತು. ಅಂದ್ರೆ ಒಂದು ಕಡೆ ಮೀನು ಇದೆ ಕೊಳ್ಳೋರಿಲ್ಲ, ಕೂಗಳತೆ ಅಲ್ಲದಿದ್ರೂ ಸೈಕಲ್ ಅಳತೆ ದೂರದಲ್ಲಿ ಕೊಳ್ಳೋರಿದ್ದಾರೆ ಮೀನಿಲ್ಲ, ಒಬ್ಬರ ಸುದ್ದಿ ಇನ್ನೊಬ್ಬರಿಗೆ ಗೊತ್ತಿಲ್ಲ.

ಈ ಒಂದು ಬೆಳಗ್ಗೆಯ ಲೆಕ್ಕ ನಮಗೆ ಇಷ್ಟು ಕರಾರುವಾಕ್ಕಾಗಿ ಗೊತ್ತಿರೋದಕ್ಕೆ ಕಾರಣ ರಾಬರ್ಟ್ ಜೆನ್ಸನ್ ಅನ್ನೋ ಅರ್ಥಶಾಸ್ತ್ರಜ್ಞ. ಉತ್ತರ ಕೇರಳದ 15 ಕಡಲತೀರ ಮಾರುಕಟ್ಟೆ, 300 ಮೀನುಗಾರಿಕೆ ದೋಣಿ, 1996ರ ಸೆಪ್ಟೆಂಬರಿಂದ 2001ರ ಮೇ ತನಕ ಪ್ರತಿ ಮಂಗಳವಾರ ಹೋಗಿ ಕೇಳೋದು, ಇವತ್ತು ಎಷ್ಟು ಹಿಡಿದ್ರಿ, ಎಲ್ಲಿ ಮಾರಿದ್ರಿ, ಎಷ್ಟಕ್ಕೆ ಮಾರಿದ್ರಿ, ಎಷ್ಟು ಬಿಸಾಕಿದ್ರಿ ಅಂತ. ಸುಮಾರು 250 ಮಂಗಳವಾರ ಆಯ್ತು ಲೆಕ್ಕ ಹಾಕಿದ್ರೆ. ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ಸಂಶೋಧನೆ ಅಂದ್ರೆ ನಮ್ಮ ತಲೇಲಿ ಬರೋದು ಲ್ಯಾಬು, ಸರ್ವರು, ಏಸಿ ರೂಮು. ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿಸಿದ್ದು ಮಾತ್ರ ಮೀನು ವಾಸನೆ ಹೊಡೆಯೋ ಈ ಮಂಗಳವಾರಗಳೇ, ಯಾಕಂದ್ರೆ ಒಂದು ತಂತ್ರಜ್ಞಾನ ಜನರ ಬದುಕಿಗೆ ನಿಜವಾಗ್ಲೂ ಏನು ಮಾಡ್ತು ಅಂತ ತಿಳ್ಕೊಳ್ಳೋದು ಎಷ್ಟು ಕಷ್ಟ, ಅದನ್ನ ಹೇಗೆ ತಿಳ್ಕೋಬಹುದು ಅನ್ನೋದು ಇದರಲ್ಲಿ ಚೆನ್ನಾಗಿ ಅರ್ಥ ಆಗುತ್ತೆ.

ಮೊದಲು ಫೋನಿಲ್ಲದ ಕಾಲದ ಕಷ್ಟ ಏನು ಅಂತ ನೋಡೋಣ. ಬೂತಾಯಿ ಗುಂಪು ಗುಂಪಾಗಿ ಓಡಾಡೋ ಮೀನು, ಇವತ್ತು ಈ ತೀರದ ಎದುರು ಸಿಕ್ಕಾಪಟ್ಟೆ ಬಿದ್ರೆ ಆ ತೀರದ ಎದುರು ಏನೂ ಇರಲ್ಲ, ನಾಳೆ ಉಲ್ಟಾ. ಮಾರುಕಟ್ಟೆ ನಡೆಯೋದು ಬೆಳಗ್ಗೆ ಕೆಲವೇ ಗಂಟೆ. ಮೀನನ್ನ ಇಟ್ಕೊಳ್ಳೋಕೆ ಅಲ್ಲಿ ಶೀತಲ ವ್ಯವಸ್ಥೆ ಇರಲಿಲ್ಲ, ಲಾರೀಲಿ ತುಂಬಿ ಪಕ್ಕದ ಊರಿಗೆ ಸಾಗಿಸೋದು ಈ ಅಗ್ಗದ ಮೀನಿಗೆ ಗಿಟ್ಟಲ್ಲ. ದೋಣಿಯವನಿಗೆ ಸಮುದ್ರದಲ್ಲಿದ್ದಾಗ ದಡದ ರೇಟ್ ಗೊತ್ತಾಗೋ ದಾರಿನೇ ಇಲ್ಲ. ತನ್ನೂರಿನ ದಡಕ್ಕೆ ಬಂದು ನೋಡಿದ ಮೇಲೆ ರೇಟ್ ಬಿದ್ದಿದೆ ಅಂತ ಗೊತ್ತಾಯ್ತು ಅನ್ಕೊಳ್ಳಿ, ಪಕ್ಕದ ತೀರಕ್ಕೆ ಹೋಗೋಣ ಅಂದ್ರೆ ಇಂಧನ ಖರ್ಚು, ಹೋಗೋಷ್ಟರಲ್ಲಿ ಅಲ್ಲಿ ಮಾರುಕಟ್ಟೆ ಮುಗಿದಿರುತ್ತೆ, ಅಲ್ಲಿ ರೇಟ್ ಚೆನ್ನಾಗಿರುತ್ತೆ ಅಂತ ಗ್ಯಾರಂಟಿ ಯಾರು ಕೊಡ್ತಾರೆ? ಹಾಗಾಗಿ ಹೆಚ್ಚುಕಮ್ಮಿ ಎಲ್ಲರೂ ತಮ್ಮ ತಮ್ಮ ದಡದಲ್ಲೇ ಮಾರ್ತಿದ್ರು. ಹಿಡಿದ ಮೀನಲ್ಲಿ ನೂರಕ್ಕೆ 5ರಿಂದ 8 ಪಾಲು ಹೀಗೆ ಗಿರಾಕಿ ಇಲ್ಲದೆ ಹಾಳಾಗ್ತಿತ್ತು.

ಆಮೇಲೆ ಮೊಬೈಲ್ ಬಂತು. ಟವರ್ ಹಾಕಿದ್ದು ಊರು ಪಟ್ಟಣ ನೋಡ್ಕೊಂಡು, ಮೀನುಗಾರರನ್ನ ಮನಸ್ಸಲ್ಲಿ ಇಟ್ಕೊಂಡು ಅಲ್ಲ. ಆದ್ರೆ ಕೇರಳದ ದೊಡ್ಡ ಊರುಗಳೆಲ್ಲ ಕರಾವಳಿ ಪಕ್ಕದಲ್ಲೇ ಇರೋದ್ರಿಂದ ಟವರ್‌ಗಳೂ ಸಮುದ್ರದ ಪಕ್ಕಕ್ಕೇ ಬಂದ್ವು, ಸಿಗ್ನಲ್ಲು ಸಮುದ್ರದ ಒಳಗೆ 20-25 ಕಿಲೋಮೀಟರ್ ತನಕ ಸಿಗೋಕೆ ಶುರು ಆಯ್ತು, ಬೂತಾಯಿ ಹಿಡಿಯೋ ದೋಣಿಗಳು ಓಡಾಡೋದೂ ಹೆಚ್ಚಾಗಿ ಅಷ್ಟೇ ದೂರದಲ್ಲಿ. ಆಗಿನ ಕಾಲಕ್ಕೆ ಹ್ಯಾಂಡ್‌ಸೆಟ್ಟು ದುಬಾರಿ, ಬರೋ ಕಾಲ್‌ಗೂ ದುಡ್ಡು ಕಟ್ಟಬೇಕಿತ್ತು, ನೆನಪಿರೋರಿಗೆ ಗೊತ್ತು. ಆದ್ರೂ ಸರ್ವಿಸ್ ಬಂದ ಕಡೆಯೆಲ್ಲ ಸ್ವಲ್ಪ ಕಾಲದಲ್ಲೇ ನೂರಕ್ಕೆ 60ಕ್ಕಿಂತ ಹೆಚ್ಚು ದೋಣಿಗಳಲ್ಲಿ ಫೋನ್ ಬಂತು. ಬಲೆ ಎಳೆದಾದ ಮೇಲೆ ಸಮುದ್ರದಲ್ಲಿ ಇದ್ದಾಗಲೇ ನಾಲ್ಕು ಕಡೆ ವ್ಯಾಪಾರಿಗಳಿಗೆ ಫೋನ್ ಮಾಡೋದು, ಎಲ್ಲಿ ರೇಟ್ ಚೆನ್ನಾಗಿದ್ಯೋ ಆ ಕಡೆ ದೋಣಿ ತಿರುಗಿಸೋದು. ಮೊದಲು ಬೇರೆ ತೀರದಲ್ಲಿ ಮಾರೋದು ಇಲ್ಲವೇ ಇಲ್ಲ ಅನ್ನೋ ಹಾಗಿದ್ದದ್ದು ಈಗ ನೂರರಲ್ಲಿ 30-40 ದೋಣಿ ಬೇರೆ ಕಡೆ ಮಾರೋ ಮಟ್ಟಕ್ಕೆ ಬಂತು.

ಇಲ್ಲಿ ಒಂದು ಪ್ರಶ್ನೆ ಬರುತ್ತೆ, ಇದೇ ಈ ಇಡೀ ವಿಷಯದ ಹೃದಯ. ಫೋನ್ ಬಂದ್ಮೇಲೆ ಪರಿಸ್ಥಿತಿ ಸುಧಾರಿಸಿತು ಅಂತಿಟ್ಕೊಳ್ಳಿ. ಅದು ಫೋನಿಂದಲೇ ಆಯ್ತು ಅಂತ ಹೇಗೆ ಹೇಳ್ತೀರ? ಆ ವರ್ಷ ಮಳೆ ಬೇರೆ ಥರ ಇದ್ದಿರಬಹುದು, ಮೀನು ಜಾಸ್ತಿ ಬಂದಿರಬಹುದು, ರಸ್ತೆ ಆಗಿರಬಹುದು, ದೋಣಿ ಇಂಧನದ ರೇಟ್ ಬದಲಾಗಿರಬಹುದು, ಜನರ ಕೈಲಿ ಕಾಸು ಹೆಚ್ಚು ಓಡಾಡಿರಬಹುದು. ಮೊದಲು ಹಿಂಗಿತ್ತು ಆಮೇಲೆ ಹಂಗಾಯ್ತು ಅನ್ನೋದು ಸಾಕ್ಷಿ ಅಲ್ಲ. ನಮ್ಮಲ್ಲಿ ಸರ್ಕಾರದ್ದಾಗಲಿ ಕಂಪನಿಗಳದ್ದಾಗಲಿ ಜಾಹೀರಾತು ನೋಡಿ, ಆ್ಯಪ್ ಬಂದ್ಮೇಲೆ ರೈತರ ಆದಾಯ ಇಷ್ಟು ಏರಿತು ಅಂತಾರೆ, ಆ್ಯಪ್ ಇಲ್ಲದ ಪಕ್ಕದ ತಾಲೂಕಲ್ಲಿ ಎಷ್ಟು ಏರಿತು ಅಂತ ಒಬ್ಬರೂ ಹೇಳಲ್ಲ. ಅದನ್ನ ಹೇಳದಿದ್ರೆ ಆ ನಂಬರಿಗೆ ಅರ್ಥ ಇಲ್ಲ.

ಜೆನ್ಸನ್‌ಗೆ ಇಲ್ಲಿ ಸಹಾಯ ಮಾಡಿದ್ದು ಒಂದು ಅನುಕೂಲ. ಆ 15 ತೀರ ಇದ್ದದ್ದು ಮೂರು ಭಾಗದಲ್ಲಿ, ಫೋನ್ ಮೂರು ಕಡೆಗೂ ಒಂದೇ ಸಲ ಬರಲಿಲ್ಲ. ಕಲ್ಲಿಕೋಟೆ ಭಾಗಕ್ಕೆ 1997ರ ಜನವರಿ ಕೊನೆಗೆ ಬಂತು, ಅಂದ್ರೆ ಆ 11 ದೋಣಿಯವರು ಮೀನು ಬಿಸಾಕಿ ಇನ್ನೂ ತಿಂಗಳು ಕೂಡ ಆಗಿರಲಿಲ್ಲ. ಕಣ್ಣೂರು ಭಾಗಕ್ಕೆ 1998ರ ಜುಲೈನಲ್ಲಿ. ಕೊನೆಗೆ ನಮ್ಮ ಭಾಷೆಯವರು ತುಂಬ ಜನ ಇರೋ ಕಾಸರಗೋಡು ಭಾಗಕ್ಕೆ 2000ದ ಮೇ ತಿಂಗಳಲ್ಲಿ. ಈಗ ಯೋಚನೆ ಮಾಡಿ. ಮಳೆಯೋ ಮೀನಿನ ಸಂಖ್ಯೆಯೋ ಕಾರಣ ಆಗಿದ್ರೆ ಮೂರೂ ಕಡೆ ಹೆಚ್ಚುಕಮ್ಮಿ ಒಟ್ಟಿಗೇ ಬದಲಾವಣೆ ಕಾಣಬೇಕಿತ್ತು, ಸಮುದ್ರ ಒಂದೇ ತಾನೆ. ಆದ್ರೆ ಆಗಿದ್ದು ಹಾಗಲ್ಲ. ಫೋನ್ ಬಂದ ಕೂಡಲೇ ಕಲ್ಲಿಕೋಟೆ ಕಡೆಯ ತೀರಗಳಲ್ಲಿ ರೇಟು ಒಂದಕ್ಕೊಂದು ಹತ್ರ ಬರ್ತಾ ಬಂತು, ಆಗ ಕಣ್ಣೂರು ಕಾಸರಗೋಡಲ್ಲಿ ರೇಟು ಮೊದಲಿನ ಥರಾನೇ ಕುಣೀತಾ ಇತ್ತು. ಕಣ್ಣೂರಿಗೆ ಫೋನ್ ಬಂದ್ಮೇಲೆ ಕಣ್ಣೂರು ಶಾಂತ ಆಯ್ತು, ಕಾಸರಗೋಡು ಇನ್ನೂ ಕುಣೀತಿತ್ತು. 2000ದಲ್ಲಿ ಅಲ್ಲಿಗೂ ಫೋನ್ ಬಂತು, ಅದೂ ಶಾಂತ ಆಯ್ತು. ಮೂರು ಗ್ರಾಫನ್ನ ಒಂದರ ಕೆಳಗೊಂದು ಇಟ್ಟು ನೋಡಿದ್ರೆ ಅರ್ಥಶಾಸ್ತ್ರ ಓದದೇ ಇರೋರಿಗೂ ಕಣ್ಣಿಗೆ ಕಾಣುತ್ತೆ, ಅಷ್ಟು ಸ್ಪಷ್ಟ. ಯಾರೂ ಬೇಕಂತ ಮಾಡದೇ ಇದ್ರೂ ತಾನಾಗೇ ನಡೆದುಹೋದ ಪ್ರಯೋಗ ಇದು, ಸಂಶೋಧಕರು ಇಂಥದ್ದಕ್ಕೆ ಸಹಜ ಪ್ರಯೋಗ ಅಂತಾರೆ. ಇನ್ನೂ ಫೋನ್ ಬರದೇ ಇದ್ದ ಕಾಸರಗೋಡು ಇಲ್ಲಿ ತಕ್ಕಡಿಯ ಇನ್ನೊಂದು ತಟ್ಟೆ ಥರ ಕೆಲಸ ಮಾಡ್ತು.

ನಂಬರು ಹೇಳ್ತೀನಿ. ಒಂದೇ ದಿನ ಬೇರೆ ಬೇರೆ ತೀರಗಳ ನಡುವೆ ರೇಟಿನ ಏರುಪೇರು ಸರಾಸರಿಯ ನೂರಕ್ಕೆ 60-70ರಷ್ಟಿದ್ದದ್ದು 15ಕ್ಕೋ ಅದಕ್ಕಿಂತ ಕೆಳಕ್ಕೋ ಇಳೀತು. ಸುಲಭವಾಗಿ ಹೇಳಬೇಕಂದ್ರೆ, ಸರಾಸರಿ ರೇಟ್ 10 ರೂಪಾಯಿ ಅನ್ಕೊಳ್ಳಿ, ಮೊದಲು ಒಂದೊಂದು ತೀರದ ರೇಟು ಆ ಹತ್ತರಿಂದ ಆರೇಳು ರೂಪಾಯಿ ಆಚೆ ಈಚೆ ಹೋಗ್ತಾ ಇತ್ತು, ಆಮೇಲೆ ಒಂದೂವರೆ ರೂಪಾಯಿ ಒಳಗೇ ಉಳೀತು. ಬಿಸಾಕೋ ಮೀನು ಹೆಚ್ಚುಕಮ್ಮಿ ಸೊನ್ನೆ ಆಯ್ತು. ಮೀನುಗಾರರ ಲಾಭ ಸರಾಸರಿ ನೂರಕ್ಕೆ 8ರಷ್ಟು ಏರಿತು, ತಿನ್ನೋರಿಗೆ ರೇಟು ನೂರಕ್ಕೆ 4ರಷ್ಟು ಇಳೀತು.

ಈ ಕೊನೇದನ್ನ ಓದಿದಾಗ ನನಗೆ ಮೊದಲು ಅರ್ಥ ಆಗಲಿಲ್ಲ. ಮಾರೋನ ಲಾಭ ಏರಿದ್ರೆ ಕೊಳ್ಳೋನಿಗೆ ಹೊರೆ ಆಗಬೇಕಲ್ವಾ, ಇಬ್ಬರಿಗೂ ಒಳ್ಳೇದಾಗಿದ್ದು ಹೇಗೆ? ಉತ್ತರ ಆ ಬಿಸಾಕ್ತಿದ್ದ ಮೀನಲ್ಲಿದೆ. ಒಂದು ಉದಾಹರಣೆ ತಗೊಳ್ಳಿ, ನಾನು ಅರ್ಥ ಆಗೋಕೆ ಅಂತ ಮಾಡ್ಕೊಂಡಿರೋ ಲೆಕ್ಕ ಇದು. ಎ ತೀರದಲ್ಲಿ 100 ಬುಟ್ಟಿ ಮೀನು ಬಂತು, ಅಲ್ಲಿನ ಜನಕ್ಕೆ ಬೇಕಿರೋದು 60. ಬಿ ತೀರದಲ್ಲಿ 20 ಬುಟ್ಟಿ ಬಂತು, ಬೇಕಿರೋದು 60. ಫೋನಿಲ್ಲದಾಗ ಎ ತೀರದಲ್ಲಿ ರೇಟ್ ನೆಲಕಚ್ಚಿ 40 ಬುಟ್ಟಿ ಹಾಳು, ಬಿ ತೀರದಲ್ಲಿ ರೇಟ್ ಆಕಾಶಕ್ಕೇರಿ ಅರ್ಧಕ್ಕಿಂತ ಹೆಚ್ಚು ಮನೇಲಿ ಮೀನಿಲ್ಲ. ಒಟ್ಟು ಮಾರಾಟ ಆಗಿದ್ದು 80 ಬುಟ್ಟಿ. ಫೋನಿದ್ದಾಗ ಎ ತೀರದಿಂದ 40 ಬುಟ್ಟಿ ಹೊತ್ತ ದೋಣಿಗಳು ಬಿ ಕಡೆ ತಿರುಗ್ತವೆ, ಎರಡೂ ಕಡೆ 60-60, ಒಟ್ಟು ಮಾರಾಟ 120 ಬುಟ್ಟಿ. ಒಂದು ಮೀನೂ ಹೆಚ್ಚು ಹಿಡೀಲಿಲ್ಲ, ಸಮುದ್ರಕ್ಕೂ ಹೆಚ್ಚು ಹೊರೆ ಇಲ್ಲ. ಸುಮ್ಮನೆ ಹಾಳಾಗ್ತಿದ್ದದ್ದು ಯಾರದೋ ತಟ್ಟೆಗೆ ಹೋಯ್ತು, ಯಾರದೋ ಜೇಬಿಗೆ ಕಾಸು ಬಂತು. ಮಾಹಿತಿಗೆ ಬೆಲೆ ಇದೆ ಅಂತ ಎಲ್ಲರೂ ಹೇಳ್ತಾರೆ, ಆ ಬೆಲೆ ನಿಜವಾಗ್ಲೂ ಎಲ್ಲಿಂದ ಹುಟ್ಟುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗಂತೂ ಸಿಕ್ಕಿಲ್ಲ.

ಇನ್ನೊಂದು ಮಾತು, ಫೋನ್ ತಗೊಳ್ಳದೇ ಇದ್ದ ದೋಣಿಯವರಿಗೂ ಲಾಭ ಏರಿತು, ಫೋನ್ ಇದ್ದೋರಿಗೆ ಅದರ ಸುಮಾರು ಎರಡರಷ್ಟು ಏರಿತು ಅನ್ನೋದು ಬೇರೆ. ಫೋನ್ ಇರೋರು ಬೇರೆ ಕಡೆ ಹೋದ್ರೆ ಇಲ್ಲಿ ಗುಂಪು ಕಮ್ಮಿ ಆಗುತ್ತಲ್ಲ, ಅದಕ್ಕೆ.

2007ರಲ್ಲಿ ಈ ಅಧ್ಯಯನ ಪ್ರಕಟ ಆದ್ಮೇಲೆ ಅದು ಜಗತ್ತೆಲ್ಲ ಸುತ್ತಾಡ್ತು. ಪತ್ರಿಕೆಗಳು, ದೊಡ್ಡ ದೊಡ್ಡ ಸಂಸ್ಥೆಗಳು, ಭಾಷಣ ಮಾಡೋರು ಎಲ್ಲರೂ ಕೇರಳದ ಮೀನುಗಾರನ ಕಥೆ ಹೇಳಿದ್ದೇ ಹೇಳಿದ್ದು. ಹೇಳ್ತಾ ಹೇಳ್ತಾ ಕಥೆ ಚಿಕ್ಕದಾಯ್ತು, ಬಡವರಿಗೆ ರೇಟಿನ ಮಾಹಿತಿ ಕೊಡಿ, ಉಳಿದದ್ದು ತಾನಾಗೇ ಆಗುತ್ತೆ ಅನ್ನೋ ಹಂಗಾಯ್ತು. ಇಲ್ಲೇ ಎಡವಟ್ಟಾಗಿದ್ದು ಅಂತ ನನ್ನ ಅಭಿಪ್ರಾಯ.

ಪಕ್ಕದ ಮಹಾರಾಷ್ಟ್ರಕ್ಕೆ ಬನ್ನಿ. ಅಲ್ಲಿ ರೈತರ ಮೊಬೈಲಿಗೆ ಮಾರುಕಟ್ಟೆ ರೇಟು, ಹವಾಮಾನ, ಬೆಳೆ ಸಲಹೆ ಎಸ್ಸೆಮ್ಮೆಸ್ಸಲ್ಲಿ ಕಳಿಸೋ ಒಂದು ಸೇವೆ ಇತ್ತು. ಮಾರ್ಸೆಲ್ ಫಾಫ್‌ಶಾಂ ಮತ್ತು ಬಾರ್ಟ್ ಮಿಂಟೆನ್ ಅನ್ನೋ ಇಬ್ಬರು 100 ಹಳ್ಳಿ ಆರಿಸ್ಕೊಂಡು, ಲಾಟರಿ ಎತ್ತಿದ ಹಾಗೆ ಕೆಲವು ಕಡೆಯ ರೈತರಿಗೆ ಒಂದು ವರ್ಷ ಈ ಸೇವೆ ಪುಕ್ಕಟೆ ಕೊಟ್ರು, ಕೆಲವು ಕಡೆ ಕೊಡಲಿಲ್ಲ. ಲಾಟರಿ ಯಾಕೆ ಅಂದ್ರೆ, ಕೇಳಿದೋರಿಗೆ ಕೊಟ್ರೆ ಚುರುಕಾಗಿರೋ ರೈತರೇ ಬಂದು ಕೇಳ್ತಾರೆ, ಆಮೇಲೆ ಅವರಿಗೆ ಒಳ್ಳೆ ರೇಟ್ ಸಿಕ್ಕಿದ್ದು ಎಸ್ಸೆಮ್ಮೆಸ್ಸಿಂದಲೋ ಅವರ ಚುರುಕಿಂದಲೋ ಗೊತ್ತಾಗಲ್ಲ. ಲಾಟರಿ ಎತ್ತಿದ್ರೆ ಎರಡೂ ಗುಂಪು ಮೊದಲಿಗೆ ಒಂದೇ ಥರ ಇರುತ್ತೆ, ಆಮೇಲೆ ಕಾಣೋ ವ್ಯತ್ಯಾಸ ಸೇವೆಯದ್ದೇ. ಟೊಮ್ಯಾಟೊ, ಈರುಳ್ಳಿ, ದಾಳಿಂಬೆ, ಗೋಧಿ, ಸೋಯಾ ಬೆಳೆಯೋ ಸಾವಿರದ ಹತ್ರ ರೈತರು. 2012ರಲ್ಲಿ ಫಲಿತಾಂಶ ಪ್ರಕಟ ಆಯ್ತು: ರೈತರಿಗೆ ಸಿಕ್ಕ ರೇಟಲ್ಲಿ ಸರಾಸರಿ ಮೇಲೆ ಹೇಳ್ಕೊಳ್ಳೋವಂಥ ವ್ಯತ್ಯಾಸವೇ ಇಲ್ಲ.

ಮೀನಲ್ಲಿ ಆಗಿದ್ದು ಟೊಮ್ಯಾಟೊದಲ್ಲಿ ಯಾಕೆ ಆಗಲಿಲ್ಲ? ನನ್ನ ಪ್ರಕಾರ ದೋಣಿಯವನಿಗೂ ರೈತನಿಗೂ ಇರೋ ದೊಡ್ಡ ವ್ಯತ್ಯಾಸ ಚುಕ್ಕಾಣಿ. ದೋಣಿಯವನ ಕೈಲಿ ವಾಹನ ಇದೆ, ಅದು ನೀರಿನ ಮೇಲಿದೆ, ಎರಡು ದಡಕ್ಕೂ ದೂರ ಹೆಚ್ಚುಕಮ್ಮಿ ಒಂದೇ, ಸುದ್ದಿ ಸಿಕ್ಕ ತಕ್ಷಣ ತಿರುಗಿಸಬಹುದು. ನಮ್ಮ ಕೋಲಾರದ ಟೊಮ್ಯಾಟೊ ರೈತರನ್ನ ನೆನೆಸ್ಕೊಳ್ಳಿ. ಕೊಯ್ಲಿಗೆ ಕೂಲಿ ಕೊಟ್ಟಾಗಿದೆ, ಬಾಕ್ಸ್ ತುಂಬಾಗಿದೆ, ಬಾಡಿಗೆ ಗಾಡಿಗೆ ಹೇಳಿ ಆಗಿದೆ, ಗಾಡೀಲಿ ಇನ್ನೂ ಮೂರು ಜನರ ಮಾಲಿದೆ. ಬೀಜ ಔಷಧಿಗೆ ಅಂತ ಮಂಡಿಯವರ ಹತ್ರ ಮುಂಗಡ ತಗೊಂಡಿದ್ರಂತೂ ಮಾಲು ಅಲ್ಲಿಗೇ ಹೋಗಬೇಕು, ಬೇರೆ ಮಂಡೀಲಿ ನೂರು ರೂಪಾಯಿ ಜಾಸ್ತಿ ಇದೆ ಅಂತ ಮೆಸೇಜ್ ಬಂದ್ರೆ ಅದನ್ನ ಓದಿ ಹೊಟ್ಟೆ ಉರ್ಕೊಳ್ಳೋದಷ್ಟೇ. ರೇಟ್ ಬಿದ್ದಾಗ ರಸ್ತೆ ಪಕ್ಕ ಟೊಮ್ಯಾಟೊ ಸುರಿಯೋರ ಕೈಲೂ ಇವತ್ತು ಸ್ಮಾರ್ಟ್‌ಫೋನ್ ಇದೆ. ಅವರಿಗೆ ರೇಟ್ ಗೊತ್ತಿಲ್ಲದೆ ಸುರೀತಿಲ್ಲ, ಗೊತ್ತಿದ್ದೂ ಏನೂ ಮಾಡೋಕಾಗದೆ ಸುರೀತಿದ್ದಾರೆ. ಇದನ್ನ ಅರ್ಥ ಮಾಡ್ಕೊಳ್ಳದೆ ಇನ್ನೊಂದು ರೇಟ್ ತೋರಿಸೋ ಆ್ಯಪ್ ಮಾಡಿದ್ರೆ ಅವರಿಗೆ ಏನು ಉಪಯೋಗ ಹೇಳಿ.

ಮಧ್ಯಪ್ರದೇಶದ ಸೋಯಾ ಉದಾಹರಣೆ ಇದಕ್ಕೆ ಪೂರಕವಾಗಿದೆ. 2000ದ ಅಕ್ಟೋಬರಿಂದ ಐಟಿಸಿ ಕಂಪನಿ ಹಳ್ಳಿಗಳಲ್ಲಿ ಇಂಟರ್ನೆಟ್ ಕಿಯಾಸ್ಕ್, ಅಂದ್ರೆ ಇಂಟರ್ನೆಟ್ ಇರೋ ಕಂಪ್ಯೂಟರ್ ಕೇಂದ್ರ, ಇಡ್ತು, ಅದರಲ್ಲಿ ರೇಟ್ ತೋರಿಸೋದರ ಜೊತೆಗೆ ರೈತರು ಬೇಕಿದ್ರೆ ನೇರ ಕಂಪನಿಗೇ ಮಾರೋ ಕೇಂದ್ರಗಳನ್ನೂ ತೆರೀತು. ಅಪರಾಜಿತಾ ಗೋಯಲ್ ಇದನ್ನ ಅಧ್ಯಯನ ಮಾಡಿದಾಗ ಕಂಡಿದ್ದು, ಕಿಯಾಸ್ಕ್ ಬಂದ ಕಡೆ ಸರ್ಕಾರಿ ಮಂಡೀಲೂ ಸೋಯಾ ರೇಟ್ ನೂರಕ್ಕೆ 1ರಿಂದ 3ರಷ್ಟು ಏರಿತ್ತು. ಚಿಕ್ಕ ನಂಬರೇ, ಆದ್ರೆ ಅಲ್ಲಿ ಸುದ್ದಿ ಜೊತೆ ಇನ್ನೊಂದು ಬಾಗಿಲೂ ಇತ್ತು, ಮಂಡಿ ವ್ಯಾಪಾರಿಗಳಿಗೆ ರೈತ ಎದ್ದು ಆ ಬಾಗಿಲಿಗೆ ಹೋಗಬಹುದು ಅಂತ ಗೊತ್ತಿತ್ತು.

ಕೇರಳದ ಕಥೆಯನ್ನೂ ಆಮೇಲೆ ಮತ್ತೆ ಕೆದಕಿ ನೋಡಿದ್ರು. ಜಾನಕಿ ಶ್ರೀನಿವಾಸನ್ ಮತ್ತು ಜೆನ್ನಾ ಬರ‍್ರೆಲ್ 2013ರಲ್ಲಿ ಕೇರಳದ ಮೀನುಗಾರರ ಬಗ್ಗೆ ಮತ್ತೆ ಬರೆದ್ರು, ಇವರು ದೋಣಿ ಎಣಿಸೋದಕ್ಕಿಂತ ಜನರ ಜೊತೆ ಕೂತು ಮಾತಾಡಿ ತಿಳ್ಕೊಂಡೋರು. ಅವರಿಗೆ ಕಂಡಿದ್ದು ಏನಂದ್ರೆ ಮೀನುಗಾರ ಅಂತ ಒಂದೇ ಥರದ ವ್ಯಕ್ತಿ ಇಲ್ಲ. ದೋಣಿ ಯಾವುದು, ಬಲೆ ಯಾವುದು, ಏಲಂ ಮಾಡಿಸೋನ ಹತ್ರ ಸಾಲ ಇದ್ಯಾ ಅನ್ನೋದರ ಮೇಲೆ ಫೋನಿಂದ ಏನು ಉಪಯೋಗ ಅನ್ನೋದು ನಿಂತಿದೆ. ಸಾಲ ಕೊಟ್ಟೋನ ಮೂಲಕವೇ ಮಾರಬೇಕು ಅಂತ ಇರೋನಿಗೆ ಪಕ್ಕದ ತೀರದ ರೇಟು ಸುಮ್ಮನೆ ಸುದ್ದಿ ಅಷ್ಟೇ. ಹಾಗಂತ ಅವನಿಗೆ ಫೋನು ವ್ಯರ್ಥ ಅಲ್ಲ, ಜೊತೆ ದೋಣಿಯವರ ಹತ್ರ ಮಾತಾಡೋಕೆ, ಮನೆಯವರಿಗೆ ತಿಳಿಸೋಕೆ ಬೇಕೇ ಬೇಕು. ರೇಟ್ ಕೇಳೋದು ಫೋನಿನ ಹತ್ತಾರು ಕೆಲಸದಲ್ಲಿ ಒಂದು. ಇದರಿಂದ ಜೆನ್ಸನ್ ಲೆಕ್ಕ ಸುಳ್ಳು ಅಂತ ಆಗಲ್ಲ, ಆ ಲೆಕ್ಕ ಯಾರಿಗೆ ಎಲ್ಲಿ ಅನ್ವಯಿಸುತ್ತೆ ಅನ್ನೋ ಗಡಿ ಗೊತ್ತಾಗುತ್ತೆ. ನನಗೆ ಎರಡೂ ಥರದ ಸಂಶೋಧನೆ ಬೇಕು ಅನ್ಸುತ್ತೆ, ಎಣಿಸೋದೂ ಬೇಕು, ಕೂತು ಕೇಳೋದೂ ಬೇಕು.

ಕೂತು ಕೇಳೋದು ಅಂದಾಗ ನಮ್ಮ ಬೆಂಗಳೂರಲ್ಲೇ ನಡೆದ ಒಂದು ಕೆಲಸ ಹೇಳಲೇಬೇಕು. 2005ರಲ್ಲಿ ಮೈಕ್ರೋಸಾಫ್ಟಿನ ಸಂಶೋಧನಾ ಕೇಂದ್ರ ಬೆಂಗಳೂರಲ್ಲಿ ಶುರು ಆಯ್ತು, ಅಲ್ಲಿ ಕೆಂಟಾರೊ ತೊಯಾಮಾ ಅವರ ತಂಡ ಬಡವರಿಗೆ ತಂತ್ರಜ್ಞಾನ ಹೇಗೆ ಉಪಯೋಗ ಆಗುತ್ತೆ ಅಂತ ನೋಡ್ತಿತ್ತು. ಮಹಾರಾಷ್ಟ್ರದ ವಾರಣಾ ಅನ್ನೋ ಕಡೆ ಕಬ್ಬು ಸಹಕಾರಿ ಸಂಘದವರು 1998ರಿಂದ ಹಳ್ಳಿ ಹಳ್ಳಿಗೆ ಕಂಪ್ಯೂಟರ್ ಇಟ್ಟಿದ್ರು, ಇವರು ಹೋಗಿ ನೋಡಿದ್ರೆ ರೈತರು ಅದನ್ನ ಬಳಸ್ತಿದ್ದದ್ದು ಮುಖ್ಯವಾಗಿ ತಮ್ಮ ಕಬ್ಬಿನ ತೂಕ, ಗೊಬ್ಬರದ ಲೆಕ್ಕ ತಿಳ್ಕೊಳ್ಳೋಕೆ. ಅದಕ್ಕೆ ಕಂಪ್ಯೂಟರ್ ಯಾಕೆ, ಮೊಬೈಲಲ್ಲಿ ಎಸ್ಸೆಮ್ಮೆಸ್ ಸಾಕು ಅಂತ ಕೆಲವು ಹಳ್ಳೀಲಿ ಕಂಪ್ಯೂಟರನ್ನೇ ತೆಗೆದು ಫೋನ್ ಇಟ್ಟು ನೋಡಿದ್ರು, ಕೆಲಸ ನಡೀತು, ಖರ್ಚೂ ಇಳೀತು.

ಅದೇ ತಂಡದಲ್ಲಿ ಇಂದ್ರಾಣಿ ಮೇಧಿ ಅನ್ನೋರು ಬೆಂಗಳೂರಿನ ಕೊಳೆಗೇರಿಗಳಲ್ಲಿರೋ ಮನೆಗೆಲಸದ ಹೆಂಗಸರ ಜೊತೆ ಕೆಲಸ ಮಾಡಿದ್ರು. ಓದೋಕೆ ಬರದೇ ಇರೋರು ಕಂಪ್ಯೂಟರಲ್ಲಿ ತಾವೇ ಮನೆಗೆಲಸ ಹುಡುಕೋ ಹಾಗೆ ಮಾಡೋದು ಉದ್ದೇಶ, ಅಕ್ಷರ ಇಲ್ಲದೆ ಬರೀ ಚಿತ್ರ ಮತ್ತು ಧ್ವನಿಯಲ್ಲಿ. ಚಿತ್ರ ಹಾಕಿದ್ರೆ ಆಯ್ತಲ್ಲ ಅನ್ಸುತ್ತೆ, ಆದ್ರೆ ಅಷ್ಟು ಸುಲಭ ಅಲ್ಲ. ಅಡುಗೆ ಕೆಲಸಕ್ಕೆ ಅಂತ ಅಡುಗೆಮನೆ ಚಿತ್ರ ಬಿಡಿಸಿದ್ರೆ ನೋಡಿದೋರಿಗೆ ಅದು ಅಡುಗೆಮನೆ ಅನ್ನೋ ಜಾಗ, ಅಡುಗೆ ಮಾಡೋ ಕೆಲಸ ಅಂತ ಅನ್ಸಲ್ಲ. ಪಾತ್ರೆಯಿಂದ ಹಬೆ ಏಳೋದು, ನಲ್ಲೀಲಿ ನೀರು ಸುರಿಯೋದು ಚಿತ್ರದಲ್ಲಿ ಸೇರಿಸಿದ ಮೇಲೇನೇ ಇದು ಮಾಡೋ ಕೆಲಸ ಅಂತ ಗೊತ್ತಾಗಿದ್ದು. ಅಕ್ಷರ ಓದೋಕೆ ಬರದಿದ್ರೂ ಅಂಕಿ ತುಂಬ ಜನಕ್ಕೆ ಬರ್ತಿತ್ತು, ಹಾಗಾಗಿ ಸಂಬಳ ಅಂಕೀಲೇ ಬರೀಬಹುದಿತ್ತು. ಇಂಥ ಸಣ್ಣ ಸಣ್ಣ ವಿಷಯ ಯಾವ ಲ್ಯಾಬಲ್ಲೂ ಹೊಳೆಯಲ್ಲ, ಆ ಹೆಂಗಸರ ಪಕ್ಕ ಕೂತು ಚಿತ್ರ ತೋರಿಸಿ, ತಪ್ಪಾಗಿ, ಮತ್ತೆ ಬಿಡಿಸಿ ತಿಳ್ಕೊಂಡಿದ್ದು.

ಇಷ್ಟಾದ್ರೂ ಒಂದು ತೊಡಕು ಉಳೀತು. ಚಿತ್ರ ಅರ್ಥ ಆಗ್ತಿದೆ, ಧ್ವನಿ ಕೇಳ್ತಿದೆ, ಆದ್ರೂ ಹೆಂಗಸರು ಮುಟ್ಟೋಕೆ ಹಿಂದೇಟು ಹಾಕ್ತಿದ್ರು. ಈ ಪೆಟ್ಟಿಗೆ ಒಳಗೆ ಕೆಲಸದ ಸುದ್ದಿ ಹೇಗೆ ಬಂತು, ಯಾರು ಹಾಕಿದ್ರು ಅನ್ನೋದೇ ಅವರಿಗೆ ಗೊತ್ತಾಗ್ತಿರಲಿಲ್ಲ. ಆಮೇಲೆ ಒಂದು ಚಿಕ್ಕ ವಿಡಿಯೋ ಮಾಡಿ ಮೊದಲಿಗೇ ತೋರಿಸೋಕೆ ಶುರು ಮಾಡಿದ್ರು, ನಾಟಕದ ಥರ: ಒಂದು ಮನೆಯವರಿಗೆ ಕೆಲಸದೋರು ಬೇಕು, ಅವರು ಆ ವಿಷಯ ತಿಳಿಸ್ತಾರೆ, ಅದು ಕಂಪ್ಯೂಟರಿಗೆ ಬರುತ್ತೆ, ಇನ್ನೊಂದು ಕಡೆ ಕೆಲಸ ಹುಡುಕ್ತಿರೋ ಹೆಂಗಸು ಅದನ್ನ ನೋಡ್ತಾಳೆ, ಕೆಲಸ ಸಿಗುತ್ತೆ. ಅದನ್ನ ನೋಡಿದ ಮೇಲೆ ಅವರು ಸ್ಕ್ರೀನ್ ಮುಂದೆ ಬಂದು ತಾವೇ ಒತ್ತಿ ನೋಡೋಕೆ ಶುರು ಮಾಡಿದ್ರು.